ಸೋತವನ ಸೌಜನ್ಯವು

ಗೆದ್ದವನು ಹಿಗ್ಗಬಾರದೆಂದು ಬುದ್ಧಿ ಹೇಳುವವರು ಲೋಕದಲ್ಲಿ ಬಹು ಮಂದಿ ಇದ್ದಾರೆ. ಸೋತವನು ಹೇಗೆ ನಡೆದುಕೊಳ್ಳತಕ್ಕದ್ದೆಂದು ತಿಳಿಸುವವರು ಕಡಿಮೆ. ಸೋತವನನ್ನು ಕಂಡರೆ ಜನರು ಸಾಮಾನ್ಯವಾಗಿ, ಹೋಗಲಿ ಬಿಡು, ಮುಂದಿನ ಸಾರಿ ನೋಡೋಣ, ಎಂದು ಹೇಳಿ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ. ಆದರೆ ಎಣಿಸಿ ನೋಡಿದರೆ ಮನುಷ್ಯನ ಆಯುಷ್ಯದಲ್ಲಿ ಗೆಲ್ಲುವ ದಿನಗಳಿಗಿಂತಲೂ ಸೋಲುವ ದಿನಗಳೇ ಹೆಚ್ಚು. ಹೀಗಿರಲಾಗಿ ಹೆಚ್ಚಾಗಿ ಬೇಕಾದ ವಿದ್ಯೆಯೇ ಕಡಿಮೆಯಾಗಿ ಕಲಿಸಲ್ಪಡುತ್ತದೆಂದು ತೋರುತ್ತದೆ. ಈ ವಿಷಯವನ್ನು ವಿಚಾರಿಸುವದಕ್ಕೋಸ್ಕರ ನಾವು ಈ ಸಾರಿ ಟೆನ್ನಿಸ್ ಎಂಬ ಆಟವನ್ನು, ಅದರಲ್ಲಿಯೂ ಅದನ್ನೇ ಜೀವನೋಪಾಯವಾಗಿ ಮಾಡಿಕೊಂಡವರನ್ನು, ದೃಷ್ಟಾಂತವಾಗಿ ತೆಗೆದುಕೊಂಡಿದ್ದೇವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ನಮ್ಮ ವಾಚಕರಲ್ಲಿ ಕೆಲವರು, ತೆಂಗು, ಅಡಿಕೆ, ಮೆಕ್ಕೆಜೋಳಗಳ ಚಿಂತೆಯಲ್ಲಿರುವ ನಮಗೆ ಟೆನ್ನಿಸಿನ ಗೊಡವೆ ಯಾತಕ್ಕೆ? ನಮ್ಮ ಹುಡುಗರು ಆಡುವದು ಕಬಡ್ಡಿ, ಖೋ-ಖೋ, ವಾಲಿಬಾಲ್ ಅಲ್ಲವೋ? ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸೋಲು ಎಂಬದು ಮರೆಯಿಲ್ಲದೆ ಕಾಣಿಸಿಕೊಳ್ಳುವ ಆಟಗಳಲ್ಲಿ ಇದು ಮುಖ್ಯವಾದದ್ದು. ಕಬಡ್ಡಿಯಲ್ಲಿ ಸೋತರೆ ಏಳು ಮಂದಿ ಆ ಹೊರೆಯನ್ನು ಹಂಚಿಕೊಳ್ಳುತ್ತಾರೆ. ಟೆನ್ನಿಸಿನಲ್ಲಿ ಅಂಗಳದ ಒಂದು ಕಡೆಗೆ ಒಬ್ಬನೇ ನಿಲ್ಲುತ್ತಾನೆ, ಜೋಡಿಯಾಟವಾದರೆ ಇಬ್ಬರು. ಹೊತ್ತು ಮುಳುಗಿತೆಂದು ಆಟವನ್ನು ಸಮಸಮವಾಗಿ ಮುಗಿಸುವ ಪದ್ಧತಿಯೂ ಅದರಲ್ಲಿ ಇಲ್ಲ. 2010ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಅಮೇರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸಿನ ನಿಕೊಲಾ ಮಾಹು ಎಂಬವರು ಮೂರು ದಿನಗಳ ಮೇಲೆ ಒಟ್ಟು 11 ಗಂಟೆ 5 ನಿಮಿಷ ಆಡಿದರು. ಕಡೇ ಸೆಟ್ಟು 70ಕ್ಕೆ 68 ಎಂದು ಮುಗಿಯಿತು. ಅಷ್ಟಾದರೂ ಒಬ್ಬನು ಸೋಲಲೇಬೇಕಾಯಿತು, ಮತ್ತು ಸೋತದ್ದು ಮಾಹು. ಅವನು ತಲೆಯ ಮೇಲೆ ಟವಲು ಹಾಕಿಕೊಂಡು ಕೆಲವು ಹೊತ್ತು ಕೂತಿದ್ದು, ಆಮೇಲೆ ಎದ್ದು ಬಂದು, ಗೆದ್ದವನೊಂದಿಗೆ ಅಂಕಗಳ ಹಲಗೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡನು.

ಇನ್ನೊಂದು ಸಂಗತಿಯುಂಟು. ನಮ್ಮ ದುರ್ಗದ ಕೋಟೆಗೆ ಏಳು ಸುತ್ತು. ಟೆನ್ನಿಸಿನ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಒಬ್ಬೊಬ್ಬರ ಆಟಕ್ಕೂ ಏಳೇ ಸುತ್ತು. ಹೊರಸುತ್ತಿನಲ್ಲಿ 128 ಮಂದಿ ನಿಲ್ಲುತ್ತಾರೆ. ಸುತ್ತಿಗೆ ಅರ್ಧ ಮಂದಿಯಂತೆ ಬಿದ್ದುಹೋಗಿ ಏಳನೆಯ ಸುತ್ತನ್ನು ದಾಟುವವನು ಒಬ್ಬನೇ. ಉಳಿದ 127 ಮಂದಿ ಸೋತೇ ಊರಿಗೆ ಹೋಗುತ್ತಾರೆ. ಹೀಗೆ ವರುಷದಲ್ಲಿ ಹತ್ತಾರು ಊರುಗಳಲ್ಲಿ ಹತ್ತಾರು ಪಂದ್ಯಾವಳಿಗಳು ನಡೆಯುವದರಿಂದ, ಈ ಆಟವನ್ನು ನಂಬಿ ಬದುಕುವವನು ಅಂದರೆ ಹೆಚ್ಚುಕಡಿಮೆ ವಾರಕ್ಕೊಂದು ಸಾರಿ ಸೋಲುವವನು ಎಂದು ಹೇಳಿದರೂ ಸಲ್ಲುವದು. ಆದದರಿಂದ ಸೋಲನ್ನು ಹೊರುವದು ಹೇಗೆಂದು ಕೇಳುವದಕ್ಕೆ ಇವರಿಗಿಂತ ಅನುಭವಸ್ಥರು ಸಿಕ್ಕುವದು ಕಷ್ಟ.

ನಮ್ಮ ನಾಡಿನವರೇ ಒಬ್ಬರು ಇದರಲ್ಲಿ ಹೆಸರುವಾಸಿಯಾಗಿದ್ದಾರೆ. ರೋಹನ್ ಬೋಪಣ್ಣನವರು 1980ರಲ್ಲಿ ಹುಟ್ಟಿ, ಕೊಡಗಿನ ಕಾಫಿತೋಟದ ಮನೆತನದಲ್ಲಿ ಬೆಳೆದು, ಇಪ್ಪತ್ತು ವರುಷಗಳಿಗಿಂತ ಹೆಚ್ಚು ಕಾಲ ಈ ಆಟದಿಂದ ಜೀವಿಸಿದವರು. ಅವರ ಗೆಲುವುಗಳನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ನಮಗೆ ಬೇಕಾದದ್ದು ಅವರ ಸೋಲುಗಳು. 2010ರ ಸೆಪ್ಟೆಂಬರಿನಲ್ಲಿ ಅಮೇರಿಕದ ನ್ಯೂಯಾರ್ಕಿನಲ್ಲಿ ನಡೆದ ಮಹಾ ಪಂದ್ಯಾವಳಿಯ ಜೋಡಿಯಾಟದಲ್ಲಿ ಅವರು ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಶಿಯವರೊಡನೆ ಕಡೇ ಪಂದ್ಯದ ವರೆಗೆ ಬಂದರು. ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕದಲ್ಲಿ ಕೂತು ಈ ಜೋಡಿಯ ಆಟವನ್ನು ನೋಡಿದರಂತೆ. ಎದುರಿಗಿದ್ದವರು ಬ್ರಯಾನ್ ಎಂಬ ಅಮೇರಿಕದ ಅವಳಿ ಸಹೋದರರು. ಎರಡು ಸೆಟ್ಟುಗಳೂ 7ಕ್ಕೆ 6ರಂತೆ, ಕೂದಲೆಳೆಯಷ್ಟು ಅಂತರದಿಂದ, ಕೈತಪ್ಪಿಹೋದವು. ಆಟ ಮುಗಿದ ಮೇಲೆ ಸೋತವರ ಕೈಗೂ ಮೈಕು ಕೊಡುವದು ಅಲ್ಲಿಯ ವಾಡಿಕೆ. ಆಗ ಖುರೇಶಿಯವರು ಕೈತಪ್ಪಿದ ಅಂಕಗಳ ಮಾತು ಎತ್ತಲಿಲ್ಲ. ತನ್ನ ದೇಶದವರನ್ನು ಕುರಿತು ಲೋಕದಲ್ಲಿ ತಪ್ಪು ತಿಳುವಳಿಕೆ ಇದೆಯೆಂದೂ, ತಾವೂ ಎಲ್ಲರಂತೆ ಸಮಾಧಾನವನ್ನು ಬಯಸುವವರೆಂದೂ ಹೇಳಿದರು. ಮಾರನೆಯ ದಿನ ಆ ಪಟ್ಟಣವು 2001ರಲ್ಲಿ ಸತ್ತ ತನ್ನ ಸಾವಿರಾರು ಜನರನ್ನು ನೆನಸುವ ದಿನವಾಗಿತ್ತು. ಗೆದ್ದವನು ಮಾತಾಡಿದ್ದರೆ ಜನರು ಕೈ ತಟ್ಟಿ ಮರೆಯುತ್ತಿದ್ದರೇನೋ. ಸೋತವನು ಆಡಿದ್ದರಿಂದಲೇ ಆ ಮಾತಿಗೆ ತೂಕ ಬಂತೆಂದು ನಾವು ನೆನಸುತ್ತೇವೆ.

2016ರಲ್ಲಿ ಬ್ರೆಜಿಲ್ ದೇಶದ ರಿಯೋ ಪಟ್ಟಣದ ಒಲಿಂಪಿಕ್ಸಿನಲ್ಲಿ ಬೋಪಣ್ಣನವರು ಸಾನಿಯಾ ಮಿರ್ಜಾರವರೊಡನೆ ಆಡಿ, ಪದಕದ ಬಾಗಿಲಿನ ತನಕ ಹೋಗಿ ಎರಡು ಸಾರಿ ಸೋತು ನಾಲ್ಕನೆಯವರಾದರು. ನಾಲ್ಕನೆಯವನಿಗೆ ಕೊರಳಲ್ಲಿ ಹಾಕಿಕೊಳ್ಳಲು ಏನೂ ಇಲ್ಲ. ಆ ಎರಡರಲ್ಲಿ ಮೊದಲನೆಯ ಸೋಲನ್ನು ಕೊಟ್ಟವರು ವೀನಸ್ ವಿಲಿಯಮ್ಸ್ ಮತ್ತು ರಾಜೀವ್ ರಾಮ್ ಎಂಬವರು. ಈ ರಾಜೀವ್ ರಾಮ್ ಅಮೇರಿಕದಲ್ಲಿ ಹುಟ್ಟಿದವರಾದರೂ ಅವರ ತಂದೆತಾಯಿಗಳು ಬೆಂಗಳೂರಿನಿಂದ ಹೋದವರು. ಏಳು ವರುಷಗಳಾದ ಮೇಲೆ, 2023ರ ಸೆಪ್ಟೆಂಬರ್ 8ರಲ್ಲಿ, ಅದೇ ನ್ಯೂಯಾರ್ಕಿನಲ್ಲಿ ಅವರಿಬ್ಬರೂ ಮತ್ತೆ ಎದುರುಬದುರಾದರು. ಆಗ ಬೋಪಣ್ಣನವರಿಗೆ 43 ವರುಷ. ಹದಿಮೂರು ವರುಷಗಳ ಹಿಂದೆ ಯಾವ ಪಂದ್ಯವನ್ನು ಸೋತಿದ್ದರೋ ಅದೇ ಪಂದ್ಯ; ಈ ಸಾರಿ ಜೊತೆಗಾರರು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್. ಮೊದಲನೆಯ ಸೆಟ್ಟು ಇವರಿಗೆ, ಎರಡನೆಯದು ಎದುರಾಳಿಗಳಿಗೆ. ಮೂರನೆಯದರಲ್ಲಿ, ಒಂದೊಂದು ಅಂಕವೂ ಚಿನ್ನದ ಬೆಲೆ ಬಾಳುವಾಗ, ಬೋಪಣ್ಣನವರ ತೋಳಿಗೆ ಚೆಂಡು ತುಸುವೇ ಸೋಕಿ ಬಲೆಯ ಆಚೆಗೆ ಹೋಯಿತು. ಮೈಗೆ ಸೋಕಿದರೆ ಆ ಅಂಕವು ಎದುರಾಳಿಗೆ ಸಲ್ಲಬೇಕೆಂಬದು ನಿಯಮ. ತೀರ್ಪುಗಾರರು ಅದನ್ನು ಕಂಡಿರಲಿಲ್ಲ. ಬೋಪಣ್ಣನವರು ತಾವಾಗಿಯೇ, ಚೆಂಡು ನನ್ನ ತೋಳಿಗೆ ತಗಲಿತು, ಎಂದು ಹೇಳಿ ಅಂಕವನ್ನು ಬಿಟ್ಟುಕೊಟ್ಟರು. ಆ ಸೆಟ್ಟು 6ಕ್ಕೆ 4ರಂತೆ ರಾಮ್ ಮತ್ತು ಅವರ ಇಂಗ್ಲಿಷ್ ಜೊತೆಗಾರ ಸಾಲಿಸ್ಬರಿಯವರ ಪಾಲಾಯಿತು, ಪಂದ್ಯವೂ ಹೋಯಿತು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ನಮ್ಮ ಊರ ಕಬಡ್ಡಿಯಲ್ಲಿ ದಾಳಿಗೆ ಬಂದವನ ಬೆರಳು ತಗಲಿತೋ ಇಲ್ಲವೋ ಎಂಬದೇ ಜಗಳಗಳಿಗೆಲ್ಲಾ ಬೇರು. ಧೂಳು ಎದ್ದಿರುತ್ತದೆ, ದೀಪದ ಬೆಳಕು ಮಂದವಾಗಿರುತ್ತದೆ, ರೆಫರಿಯು ಇನ್ನೊಂದು ಕಡೆ ನೋಡುತ್ತಿರುತ್ತಾನೆ. ಆದರೆ ತಗಲಿಸಿಕೊಂಡವನ ಮೈಗೆ ಗೊತ್ತು. ಸಾವಿರ ಮಂದಿ ಸುತ್ತಲೂ ನಿಂತಿದ್ದರೂ ಆ ಕ್ಷಣದಲ್ಲಿ ಸತ್ಯವನ್ನು ಬಲ್ಲವನು ಅವನೊಬ್ಬನೇ ಆಗಿರಬಹುದು. ಸೋಲನ್ನು ಒಪ್ಪುವದೆಂಬದು ಆಟದ ಕೊನೆಯಲ್ಲಿ, ಸೀಟಿ ಊದಿದ ಮೇಲೆ, ಕೈ ಕುಲುಕುವಾಗ ಆರಂಭವಾಗುವದೆಂದು ಜನರು ತಿಳಿದಿದ್ದಾರೆ. ಅದು ಹಾಗಲ್ಲ. ತೋಳಿಗೆ ಸೋಕಿದ ಚೆಂಡಿನಲ್ಲಿ ಅದು ಆರಂಭವಾಗುತ್ತದೆ. ತನಗೆ ವಿರೋಧವಾಗಿ ತಾನೇ ಸಣ್ಣದೊಂದು ಸಾಕ್ಷಿಯನ್ನು ಹೇಳಬಲ್ಲವನಿಗೆ ಕೊನೆಯಲ್ಲಿ ದೊಡ್ಡ ಸಾಕ್ಷಿ ಹೇಳುವದಕ್ಕೆ ಹೊಸ ಬಾಯಿ ಬೇಕಾಗುವದಿಲ್ಲ.

ಇದಕ್ಕೆ ಪ್ರತಿಯಾಗಿ ಕೆಲವರು ಹೇಳುವದೇನಂದರೆ: ಸೋತವನ ನಗುಮುಖವು ಬರೀ ವೇಷ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ತುಟಿಯಲ್ಲಿ ನಗುವದು ಕಪಟವಲ್ಲದೆ ಮತ್ತೇನು? ಕೋಪ ಬಂದಾಗ ಕೋಪವನ್ನು ತೋರಿಸುವವನೇ ನಿಜವಾದ ಮನುಷ್ಯನು, ಎಂದು. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು; ಎಷ್ಟೋ ನಗೆಗಳು ಹಾಗೆಯೇ ಇರುತ್ತವೆ. ಆದರೆ ಕೈಕುಲುಕುವದರ ಅರ್ಥವನ್ನು ಇವರು ತಪ್ಪಾಗಿ ಓದುತ್ತಾರೆ. ಸಾಲದ ಬಾಧೆಯಿಂದ ತನ್ನ ಎರಡು ಎಕರೆ ಜಮೀನನ್ನು ಮಾರುವ ರೈತನು ಉಪನೋಂದಣಿ ಕಚೇರಿಯಲ್ಲಿ ಕಣ್ಣೀರು ಸುರಿಸುತ್ತಾ ಕ್ರಯಪತ್ರಕ್ಕೆ ಸಹಿ ಹಾಕುತ್ತಾನೆ. ಅವನು ಅಳುತ್ತಿದ್ದನಾದ್ದರಿಂದ ಆ ಸಹಿಯು ಸುಳ್ಳೆಂದು ಯಾರಾದರೂ ಅನ್ನುವರೋ? ನನಗೆ ಸಂತೋಷವಾಗಿದೆ ಎಂದು ಆ ಸಹಿ ಹೇಳುವದಿಲ್ಲ. ಈ ಭೂಮಿ ಇನ್ನು ಮೇಲೆ ನಿನ್ನದು ಎಂದು ಹೇಳುತ್ತದೆ. ಸೋತವನ ಕೈಯೂ ಹಾಗೆಯೇ. ನೀನು ಗೆದ್ದದ್ದು ನಿಜ, ಲೆಕ್ಕ ಸರಿಯಾಗಿದೆ, ಎಂಬಷ್ಟನ್ನೇ ಅದು ಹೇಳಬೇಕಾಗಿದೆ. ಒಳಗಿನ ದುಃಖವು ಆ ಮಾತನ್ನು ಸುಳ್ಳು ಮಾಡಲಾರದು.

ಅಳುವದೂ ತಪ್ಪಲ್ಲ. 1993ರಲ್ಲಿ ವಿಂಬಲ್ಡನ್ನಿನ ಸ್ತ್ರೀಯರ ಕಡೇ ಪಂದ್ಯದಲ್ಲಿ ಯಾನಾ ನೊವೊಟ್ನಾ ಎಂಬಾಕೆಯು ಮೂರನೆಯ ಸೆಟ್ಟಿನಲ್ಲಿ 4ಕ್ಕೆ 1ರಷ್ಟು ಮುಂದಿದ್ದು, ಆಮೇಲೆ ಸ್ಟೆಫಿ ಗ್ರಾಫ್ ಎಂಬಾಕೆಗೆ ಸೋತುಹೋದಳು. ಬಹುಮಾನ ಕೊಡಲು ಬಂದ ಕೆಂಟ್ ಪ್ರಾಂತ್ಯದ ಡ್ಯೂಕನ ಪತ್ನಿಯ ಹೆಗಲ ಮೇಲೆ ತಲೆಯಿಟ್ಟು ಲೋಕವೆಲ್ಲಾ ನೋಡುತ್ತಿರುವಾಗ ಬಿಕ್ಕಿಬಿಕ್ಕಿ ಅತ್ತಳು. ಇದನ್ನು ನೋಡಿ ಅವಳಿಗೆ ಸೌಜನ್ಯವಿಲ್ಲವೆಂದು ಅಂದವರನ್ನು ನಾವು ಕೇಳಿಲ್ಲ. ಐದು ವರುಷಗಳಾದ ಮೇಲೆ ಅವಳು ಅಲ್ಲಿಯೇ ಗೆದ್ದಳೆಂಬದು ಬೇರೆ ಮಾತು. ಗೆಲ್ಲದೆ ಹೋಗಿದ್ದರೂ ಆ ಕಣ್ಣೀರಿಗೆ ಕಳಂಕವಿರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದದ್ದು. ಮನಸ್ಸಂತೋಷಕ್ಕಾಗಿ ಆಡುವವನಿಗೆ ಸೋಲು ಹಗುರ; ಅದೇ ಅನ್ನವಾಗಿರುವವನಿಗೆ ಈ ದೊಡ್ಡ ಗುಣಗಳು ಎಲ್ಲಿಂದ ಬರಬೇಕು? 1968ರ ವರೆಗೆ ಆ ಮಹಾ ಪಂದ್ಯಾವಳಿಗಳಲ್ಲಿ ಹಣಕ್ಕಾಗಿ ಆಡುವವರಿಗೆ ಪ್ರವೇಶವೇ ಇರಲಿಲ್ಲ. ಆ ಹಿಂದಿನ ಕಾಲದ ಸೌಜನ್ಯವು ಶ್ರೀಮಂತರ ಆಭರಣವಾಗಿತ್ತೆಂದು ಹೇಳುವವರುಂಟು. ದೃಷ್ಟಾಂತಕ್ಕೆ ಜರ್ಮನಿಯ ಗಾಟ್‌ಫ್ರೀಡ್ ಫಾನ್ ಕ್ರಾಮ್ ಎಂಬವನನ್ನು ತೆಗೆದುಕೊಳ್ಳಬಹುದು. ಇವನು ಜಮೀನ್ದಾರಿ ಮನೆತನದವನು. 1935ರಲ್ಲಿ ಡೇವಿಸ್ ಕಪ್ಪಿನ ಜೋಡಿಯಾಟದಲ್ಲಿ ಅಮೇರಿಕದವರ ಮೇಲೆ ಇನ್ನೊಂದೇ ಅಂಕ ಬಂದರೆ ಪಂದ್ಯವು ಜರ್ಮನಿಗೆ, ಎಂಬ ಹೊತ್ತಿನಲ್ಲಿ ಅವನ ಜೊತೆಗಾರನು ಚೆಂಡನ್ನು ಹೊಡೆದು ಗೆದ್ದನು. ಕ್ರಾಮನಾದರೋ, ಅದಕ್ಕೆ ಮುಂಚೆ ಚೆಂಡು ನನ್ನ ರ್ಯಾಕೆಟ್ಟಿಗೆ ಸೋಕಿತ್ತು, ಎಂದು ತೀರ್ಪುಗಾರನಿಗೆ ತಿಳಿಸಿ ಅಂಕವನ್ನು ಕಳೆದುಕೊಂಡನು. ಪಂದ್ಯವನ್ನೂ ಸೋತರು. ಆಗ ಜರ್ಮನಿಯಲ್ಲಿ ಆಳುತ್ತಿದ್ದವರಿಗೆ ಆಟವೆಂದರೆ ದೇಶದ ಬಲವನ್ನು ಮೆರೆಯಿಸುವ ಸಾಧನ. ಅಂಥವರ ಕೈಕೆಳಗಿದ್ದುಕೊಂಡು ಅಷ್ಟನ್ನು ಮಾಡಿದವನ ನಡತೆಯನ್ನು ಬರೀ ಆಭರಣವೆಂದು ಕರೆಯುವದು ನಮಗೆ ಒಪ್ಪಿಗೆಯಾಗದು. 1938ರಲ್ಲಿ ಅದೇ ಸರಕಾರವು ಬೇರೆ ಆಪಾದನೆಯ ಮೇಲೆ ಅವನನ್ನು ಸೆರೆಗೆ ಹಾಕಿತು.

ಆದಾಗ್ಯೂ ಅವನಿಗೆ ಮನೆಯಲ್ಲಿ ಅನ್ನವಿತ್ತೆಂಬದು ನಿಜ. ಹಾಗಾದರೆ ಹಣಕ್ಕಾಗಿ ಆಡುವವನನ್ನೇ ನೋಡೋಣ. 2005ರಲ್ಲಿ ರೋಮಾಪುರದ ಪಂದ್ಯಾವಳಿಯಲ್ಲಿ ಅಮೇರಿಕದ ಆ್ಯಂಡಿ ರಾಡಿಕ್ ಎಂಬವನು ಸ್ಪೇನಿನ ವೆರ್ಡಾಸ್ಕೊ ಎಂಬವನ ಮೇಲೆ ಆಡುತ್ತಾ ಇನ್ನೊಂದೇ ಅಂಕದಿಂದ ಗೆಲ್ಲುವವನಾಗಿದ್ದನು. ವೆರ್ಡಾಸ್ಕೊ ಹೊಡೆದ ಚೆಂಡು ಗೆರೆಯ ಹೊರಗೆ ಬಿತ್ತೆಂದು ಗೆರೆ ಕಾಯುವವನು ಕೂಗಿದನು. ಪಂದ್ಯವು ಮುಗಿದಂತೆಯೇ ಆಯಿತು. ರಾಡಿಕನು ಕೆಮ್ಮಣ್ಣಿನ ಮೇಲೆ ಬಿದ್ದ ಗುರುತನ್ನು ತೋರಿಸಿ, ಇಲ್ಲ, ಚೆಂಡು ಗೆರೆಗೆ ತಗಲಿದೆ, ಎಂದನು. ಆಟವು ಮುಂದುವರಿಯಿತು. ಅವನು ಆ ಸೆಟ್ಟನ್ನೂ ಅದರ ಮುಂದಿನದನ್ನೂ ಸೋತನು. ಬಹುಮಾನದ ಹಣವೂ ಹೋಯಿತು, ಮುಂದಿನ ಸುತ್ತೂ ಹೋಯಿತು. ತೂಕದ ಕಲ್ಲು ಸರಿಯಾಗಿದೆಯೋ ಇಲ್ಲವೋ ಎಂಬದು ಅಂಗಡಿಯವನಿಗೆ ನಷ್ಟವಾಗುವಾಗಲೇ ಗೊತ್ತಾಗುವದಲ್ಲವೇ. ಅನ್ನಕ್ಕಾಗಿ ಆಡುವವನಿಗೆ ಸೌಜನ್ಯವು ಅಸಾಧ್ಯವೆಂದಲ್ಲ. ಅವನಲ್ಲಿ ಅದಕ್ಕೆ ಬೆಲೆ ಹೆಚ್ಚು, ಯಾಕಂದರೆ ಅವನು ಅದನ್ನು ಬೆಲೆ ಕೊಟ್ಟು ಕೊಳ್ಳುತ್ತಾನೆ.

ಎಲ್ಲರೂ ಹೀಗಿಲ್ಲವೆಂದು ಹೇಳಬೇಕಾದದ್ದಿಲ್ಲ. ಜಾನ್ ಮೆಕೆನ್ರೋ ಎಂಬ ಮಹಾ ನಿಪುಣನು ತೀರ್ಪುಗಾರರನ್ನು ಬೈಯುವದರಲ್ಲಿಯೂ ಅಷ್ಟೇ ನಿಪುಣನಾಗಿದ್ದನು. 1990ರಲ್ಲಿ ಆಸ್ಟ್ರೇಲಿಯದ ಪಂದ್ಯಾವಳಿಯಲ್ಲಿ ಮಿಕಾಯೆಲ್ ಪೆರ್ನ್‌ಫೋರ್ಸ್ ಎಂಬವನ ಮೇಲೆ ಆಡುತ್ತಿರುವಾಗ ದುರ್ನಡತೆಗಾಗಿ ಅವನನ್ನು ಪಂದ್ಯದಿಂದಲೇ ಹೊರಗೆ ಹಾಕಿದರು. ಆಗ ಅವನು ಎರಡಕ್ಕೆ ಒಂದು ಸೆಟ್ಟಿನಂತೆ ಮುಂದಿದ್ದನೆಂಬದು ಗಮನಿಸತಕ್ಕದ್ದು. ಸೋಲಿಗೆ ಹೆದರುವವನು ಸೋಲು ಬರುವ ಮುಂಚೆಯೇ ಸೋಲುವದುಂಟು. ನಮ್ಮ ಬೋಪಣ್ಣನವರನ್ನಾದರೂ ದೇವದೂತರೆಂದು ತೋರಿಸುವದು ನಮ್ಮ ಉದ್ದೇಶವಲ್ಲ. 2012ರ ಒಲಿಂಪಿಕ್ಸಿಗೆ ಮುಂಚೆ ಯಾರ ಜೊತೆಯಲ್ಲಿ ಯಾರು ಆಡತಕ್ಕದ್ದೆಂಬ ವಿಷಯದಲ್ಲಿ ಅವರಿಗೂ ದೇಶದ ಟೆನ್ನಿಸ್ ಸಂಘಕ್ಕೂ ದೊಡ್ಡ ಜಗಳವಾಯಿತು. ಎದುರಾಳಿಯೊಡನೆ ಸೌಜನ್ಯದಿಂದಿರುವದು ಕೆಲವು ಸಾರಿ ಸ್ವಂತ ಕಡೆಯವರೊಡನೆ ಇರುವದಕ್ಕಿಂತ ಸುಲಭ. ಅಣ್ಣತಮ್ಮಂದಿರ ಪಾಲುಪಾರೀಕತ್ತನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೈಕುಲುಕುವದೇ ಸರ್ವಸ್ವವೋ? ಈ ಪ್ರಶ್ನೆಯು 2022ರಲ್ಲಿ ರಷ್ಯಾ ದೇಶವು ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಟೆನ್ನಿಸಿನಲ್ಲಿ ಹೊಸದಾಗಿ ಎದ್ದಿತು. ಉಕ್ರೇನಿನ ಆಟಗಾರ್ತಿಯರು ರಷ್ಯಾದವರಿಗೂ ಬೆಲಾರೂಸಿನವರಿಗೂ ಕೈ ಕೊಡುವದನ್ನು ನಿಲ್ಲಿಸಿದರು. 2023ರ ವಿಂಬಲ್ಡನ್ನಿನಲ್ಲಿ ಉಕ್ರೇನಿನ ಎಲಿನಾ ಸ್ವಿಟೊಲಿನಾ ಎಂಬಾಕೆಯು ಬೆಲಾರೂಸಿನ ವಿಕ್ಟೋರಿಯಾ ಅಜರೆಂಕಾ ಎಂಬಾಕೆಯನ್ನು ಗೆದ್ದಳು. ಸ್ವಿಟೊಲಿನಾ ಕೈ ಕೊಡುವದಿಲ್ಲವೆಂದು ಅಜರೆಂಕಾಳಿಗೆ ಮೊದಲೇ ಗೊತ್ತು. ಆದದರಿಂದ ಅವಳು ಬಲೆಯ ಹತ್ತಿರ ಹೋಗಿ ಆಕೆಯನ್ನು ಇಕ್ಕಟ್ಟಿಗೆ ಸಿಕ್ಕಿಸದೆ, ದೂರದಿಂದಲೇ ಕೈಯೆತ್ತಿ ಸನ್ನೆ ಮಾಡಿ ಹೊರಟಳು. ಸುತ್ತಲಿದ್ದ ಸಾವಿರಾರು ಜನರು, ಸೋತವಳು ಕೈ ಕೊಡದೆ ಹೋದಳೆಂದು ತಿಳಿದು, ಅವಳನ್ನು ಕೂಗಿ ಅವಮಾನಪಡಿಸಿದರು. ನಮ್ಮ ತೀರ್ಪು ಏನಂದರೆ ಅಂದು ಆ ಬಯಲಲ್ಲಿ ಸೌಜನ್ಯವನ್ನು ತಿಳಿಯದೆ ಇದ್ದವರು ನೋಡಲು ಬಂದವರೇ. ಎದುರಾಳಿಯ ಮನಸ್ಸಿನ ಗಾಯವನ್ನು ಬಲ್ಲವಳಾಗಿ, ವಾಡಿಕೆಯ ಕೈಕುಲುಕನ್ನು ಬಿಟ್ಟುಬಿಡುವದೂ ಸೌಜನ್ಯವೇ. ವಾಡಿಕೆಯು ದೊನ್ನೆಯಂತೆ, ಒಳಗೆ ಏನಿದೆಯೆಂದು ನೋಡಬೇಕು.

ಈಗ ನಮ್ಮ ಕಡೆಗೆ ಬರೋಣ. ಗ್ರಾಮ ಪಂಚಾಯತಿಯ ಚುನಾವಣೆ ಮುಗಿದ ಮರುದಿನ ನಮ್ಮ ಊರುಗಳ ಬೀದಿಗಳಲ್ಲಿ ಏನಾಗುವದೆಂದು ವಾಚಕರಿಗೆ ಗೊತ್ತು. ಗೆದ್ದವನ ಕಡೆಯವರು ಸೋತವನ ಮನೆಯ ಬಾಗಿಲಲ್ಲೇ ಪಟಾಕಿ ಸುಡುತ್ತಾರೆ. ಸೋತವನು ಓಟು ಕೊಡದವರ ಲೆಕ್ಕವನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಮದುವೆಗೆ ಕರೆಯುವದು ನಿಂತುಹೋಗುತ್ತದೆ. ಬೋರ್‌ವೆಲ್ಲಿನ ನೀರು ಪಕ್ಕದ ತೋಟಕ್ಕೆ ಹೋಗುವದು ನಿಂತುಹೋಗುತ್ತದೆ. ಡೈರಿಯಲ್ಲಿ ಹಾಲು ಅಳೆಯುವಲ್ಲಿ ಸಹ ಇವರಿಗೊಂದು ಸಾಲು ಅವರಿಗೊಂದು ಸಾಲು. ಟೆನ್ನಿಸಿನವರಿಗೆ ಇವತ್ತಿನ ಎದುರಾಳಿಯೇ ಬರುವ ವರುಷದ ಜೊತೆಗಾರನಾಗಬಹುದು. ಆದಕಾರಣ ಅವರು ಮುನಿಸನ್ನು ಬಹಳ ದಿನ ಇಟ್ಟುಕೊಳ್ಳಲಾರರು. ಅವರಾದರೂ ಪಂದ್ಯ ಮುಗಿದರೆ ವಿಮಾನ ಹತ್ತಿ ಬೇರೆ ಬೇರೆ ದೇಶಗಳಿಗೆ ಹೋಗುತ್ತಾರೆ. ನಮ್ಮಲ್ಲಿ ಗೆದ್ದವನೂ ಸೋತವನೂ ಐದು ವರುಷ ಅದೇ ಬೀದಿಯಲ್ಲಿ ಎದ್ದು ಅದೇ ಬಸ್ಸು ಹತ್ತಿ ಅದೇ ಸಂತೆಗೆ ಹೋಗಬೇಕಾದವರು. ಹೀಗಿರುವಾಗ ಸೌಜನ್ಯದ ಅಗತ್ಯವು ಅವರಿಗೆ ಹೆಚ್ಚೋ ನಮಗೆ ಹೆಚ್ಚೋ?

ಮೋಸದಿಂದ ಗೆದ್ದವನಿಗೂ ಕೈ ಕೊಡಬೇಕೋ, ಎಂದು ಒಬ್ಬರು ಕೇಳಿಯಾರು. ಬೇಕಾಗಿಲ್ಲವೆಂದು ನಾವು ಹೇಳುತ್ತೇವೆ. ಸೌಜನ್ಯವು ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಳ್ಳುವದಲ್ಲ. ಸತ್ಯವನ್ನು ಹೇಳುವದೇ ಅದರ ಜೀವವಾಗಿರುವಲ್ಲಿ, ಸುಳ್ಳು ಗೆಲುವನ್ನು ಗೆಲುವೆಂದು ಒಪ್ಪುವದು ಹೇಗೆ ಸೌಜನ್ಯವಾದೀತು? ಟೆನ್ನಿಸಿನಲ್ಲಿಯೂ ತೀರ್ಪನ್ನು ಪ್ರಶ್ನಿಸುವದಕ್ಕೆ ನಿಯಮವುಂಟು. ಪಂಚಾಯತಿಯ ಚುನಾವಣೆಯಲ್ಲಿ ಅಕ್ರಮವಾಯಿತೆಂದು ಕಂಡವನು ಫಲಿತಾಂಶ ಹೊರಬಿದ್ದ 30 ದಿನಗಳೊಳಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ಹಾಕತಕ್ಕದ್ದು. ಆದರೆ ಅರ್ಜಿ ಹಾಕುವಷ್ಟು ಆಧಾರವಿಲ್ಲದವನು ಅರಳಿಕಟ್ಟೆಯ ಮೇಲೆ ಕೂತು, ಹಣ ಹಂಚಿ ಗೆದ್ದರು, ಎಣಿಸುವಾಗ ಕದ್ದರು, ಎಂದು ಐದು ವರುಷ ಹೇಳುತ್ತಿರುವದು ಬೇರೆ. ಮೊದಲನೆಯವನು ತೀರ್ಪನ್ನು ಕೇಳುತ್ತಾನೆ. ಎರಡನೆಯವನಿಗೆ ತೀರ್ಪೇ ಬೇಡ.

ಗೆದ್ದವನ ಪಾಲೂ ಇದರಲ್ಲಿ ಇದೆ. ಪಟಾಕಿಯನ್ನು ಎರಡು ಬೀದಿ ಆಚೆಗೆ ಸುಡುವದರಿಂದ ಗೆಲುವು ಕಡಿಮೆಯಾಗುವದಿಲ್ಲ. ಮುಂಚೆ ಹೇಳಿದ ಇಸ್ನರನು, ಮಾಹು ಇನ್ನೂ ಅಂಗಳದಲ್ಲಿದ್ದಾಗಲೇ ಎಲ್ಲರ ಮುಂದೆ ಅವನ ಆಟವನ್ನು ಹೊಗಳಿದನು; ಸೋತವನು ಏಳುವದಕ್ಕೆ ಅದು ಕೈಕೊಟ್ಟಂತೆ ಆಗಿರಬೇಕು.

ಬೋಪಣ್ಣನವರ ಕಥೆಯಲ್ಲಿ ಉಳಿದದ್ದನ್ನು ಹೇಳಿ ಮುಗಿಸುತ್ತೇವೆ. ತೋಳಿಗೆ ಸೋಕಿದ ಚೆಂಡಿನ ತರುವಾಯ ನಾಲ್ಕೂವರೆ ತಿಂಗಳಿಗೆ, 2024ರ ಜನವರಿ 27ರಲ್ಲಿ, ಅವರೂ ಎಬ್ಡೆನ್ನರೂ ಆಸ್ಟ್ರೇಲಿಯದ ಮಹಾ ಪಂದ್ಯಾವಳಿಯನ್ನು ಗೆದ್ದರು. ಅಷ್ಟು ವಯಸ್ಸಿನಲ್ಲಿ ಜೋಡಿಯಾಟದ ಮೊದಲನೆಯ ಸ್ಥಾನವನ್ನು ಅವರಿಗಿಂತ ಮುಂಚೆ ಯಾರೂ ಮೊದಲ ಸಾರಿ ಹತ್ತಿರಲಿಲ್ಲ. ಹಿಂದೊಮ್ಮೆ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕು, ಬಿಟ್ಟುಬಿಡುತ್ತೇನೆ, ಎಂದು ಹೆಂಡತಿಗೆ ಹೇಳಿಕಳುಹಿಸಿದ್ದನ್ನು ಅವರೇ ಆ ದಿನ ಜನರ ಮುಂದೆ ನೆನಸಿದರು. ಆ ಗೆಲುವು ಆ ಸತ್ಯಕ್ಕೆ ಸಂದ ಕೂಲಿಯೆಂದು ಯಾರೂ ತಿಳಿಯಬಾರದು. ಸತ್ಯ ಹೇಳಿ ಮತ್ತೆಂದೂ ಗೆಲ್ಲದೆ ಹೋದವರೂ ಬಹು ಮಂದಿ. ಕ್ರಾಮನು ವಿಂಬಲ್ಡನ್ನಿನ ಕಡೇ ಪಂದ್ಯವನ್ನು ಮೂರು ವರುಷ ಸಾಲಾಗಿ ಆಡಿ ಮೂರು ಸಾರಿಯೂ ಸೋತನು. ಬೋಪಣ್ಣನವರು 2025ರ ನವೆಂಬರ್ 1ರಲ್ಲಿ ಆಟದಿಂದ ನಿವೃತ್ತಿ ಹೊಂದಿದರು. ಅದಕ್ಕೆ ಕೆಲವು ದಿನಗಳ ಮುಂಚೆ ಪ್ಯಾರಿಸಿನಲ್ಲಿ ಆಡಿದ ಪಂದ್ಯವೇ ಅವರ ವೃತ್ತಿಯ ಕಡೇ ಪಂದ್ಯವಾಯಿತು. ಅದನ್ನು ಅವರು ಸೋತರು.